ನಮ್ಮದಲ್ಲದ ಉಡಗಳು

ಉಡ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಉಡ. ನಮ್ಮ ಕಡೆ ಹೊಲದ ಬದುವಿನಲ್ಲಿ, ಹಾಳುಬಾವಿಯ ಕಲ್ಲಿನ ಸಂದಿಯಲ್ಲಿ ಇರುತ್ತಿತ್ತು. ಯಾರಾದರೂ ಹಟ ಹಿಡಿದರೆ ಉಡದ ಹಿಡಿತ ಎನ್ನುತ್ತಿದ್ದರು, ಅಷ್ಟೇ. ಉಡದಲ್ಲಿ ಜಾತಿಗಳಿವೆ, ಒಂದರ ಹಾಗೆ ಇನ್ನೊಂದು ಕಾಣುತ್ತದೆ, ಮರಿ ಇದ್ದಾಗ ತಿಳಿದವರೂ ಮೋಸಹೋಗುತ್ತಾರೆ ಎನ್ನುವುದನ್ನೆಲ್ಲ ನಾನು ಕಲಿತದ್ದು ಟೆಕ್ಸಾಸಿನಲ್ಲಿ, ನಲವತ್ತು ದಾಟಿದ ಮೇಲೆ. ಕಲಿತು ಏನು ಬಂತು ಎಂದು ಯಾರಾದರೂ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಕ ಮತ್ತು ಭಾವ ಕಾಗದಪತ್ರ ಮಾಡಿಸಿ ಕರೆಸಿಕೊಂಡಿದ್ದರಿಂದ ಡಾಲಸ್ ಕಂಡವನು. ಕೆಲಸ ಟೈಲ್ಸ್ ಹಾಕುವುದು. ಡಾಲಸ್ ಹೊರಗಿನ ನಮ್ಮ ಊರು ಲಿಟಲ್ ಎಲ್ಮ್‌ನಲ್ಲಿ ಹೊಸ ಮನೆಗಳು ಅಣಬೆಯ ಹಾಗೆ ಏಳುತ್ತಿದ್ದ ಕಾಲ ಅದು. ಎಷ್ಟೋ ಮನೆಗಳಲ್ಲಿ ಜನ ಇವತ್ತು ನಡೆದಾಡುತ್ತಿರುವುದು ನನ್ನ ಕೈಯ ನೆಲದ ಮೇಲೆ. ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಒಂದೇ ಹೆಸರಿನ, ಒಂದೇ ಬಣ್ಣದ ಟೈಲ್ಸ್ ಎರಡು ಬೇರೆ ಲಾಟಿನಿಂದ ಬಂದಿದ್ದರೆ ಪೆಟ್ಟಿಗೆ ಬಿಚ್ಚಿದ ಕೂಡಲೇ ಹೇಳುತ್ತೇನೆ. ಇದನ್ನು ಜಂಭ ಎಂದುಕೊಂಡರೆ ಎಂದುಕೊಳ್ಳಲಿ, ನಿಜ.

ಆ ಪ್ರಾಣಿ ನಮ್ಮ ಮನೆಗೆ ಬಂದದ್ದು ಪಕ್ಕದ ಊರು ಲೂಯಿಸ್‌ವಿಲ್‌ನ ಒಂದು ಅಪಾರ್ಟ್‌ಮೆಂಟಿನಿಂದ. ಬಾಡಿಗೆಗಿದ್ದವನು ಹೇಳದೆ ಕೇಳದೆ ಖಾಲಿ ಮಾಡಿಕೊಂಡು ಹೋಗಿದ್ದ. ಹಳೆಯ ಕಾರ್ಪೆಟ್ ಕಿತ್ತು ಟೈಲ್ಸ್ ಹಾಕಲು ಹೋದಾಗ ಬಚ್ಚಲಿನ ಟಬ್ಬಿನಲ್ಲಿ ಕಂಡಿತು. ಒಂದು ಮೊಳ ಉದ್ದ, ಮಣ್ಣಿನ ಬಣ್ಣ. ಸೊರಗಿ ಸೊಂಟದ ಎಲುಬು ಎದ್ದಿತ್ತು. ಬಾಲದ ತುದಿ ಮುರಿದಿತ್ತು. ಮ್ಯಾನೇಜರ್ ಬಾಗಿಲಲ್ಲೇ ನಿಂತು ಎಲ್ಲಾದರೂ ಎಸೆದುಬಿಡು ಎಂದ. ಅಂಟು ಕಲಸುವ ಬಕೆಟ್ ತೊಳೆದು, ಅದರಲ್ಲಿ ಹಾಕಿಕೊಂಡು ಮನೆಗೆ ತಂದೆ.

ತಂದದ್ದು ಕನಿಕರದಿಂದ ಎಂದು ಹೇಳಲಾರೆ. ಅದರ ಹಿಂದಿನ ಚಳಿಗಾಲ ನಮಗೆ ಏಳು ತಿಂಗಳಿಗೇ ಕೂಸು ಹುಟ್ಟಿ, ಉಸಿರಾಡಲಿಲ್ಲ. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಬಸಿರು. ಆಮೇಲೆ ನನ್ನ ಹೆಂಡತಿ ಅಡಿಗೆ ಮಾಡುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು. ತಾನಾಗಿ ಮಾತು ತೆಗೆಯುವುದು ನಿಂತುಹೋಗಿತ್ತು. ಮನೆ ಮೌನವಾಗಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಏನಾದರೊಂದು ಜೀವ ಓಡಾಡಲಿ ಎಂದು ತಂದೆ.

ಬಕೆಟ್ಟಿನ ಮುಚ್ಚಳ ತೆಗೆದಾಗ ಅವಳು ಬಾಗಿ ನೋಡಿದಳು. ಹೆದರಲಿಲ್ಲ.

"ಏನ್ ತಿಂತದ್ರೀ ಇದು?" ಎಂದಳು.

ಅಷ್ಟು ದಿನಕ್ಕೆ ಅದು ಅವಳ ಮೊದಲ ಪ್ರಶ್ನೆ. ಅದನ್ನು ಹಿತ್ತಿಲಿಗೆ ಒಯ್ದು ಬಿಸಿಲಿಗೆ ಬಿಟ್ಟೆ. ಪಕ್ಕದ ಮನೆಯವರು ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಒಂದು ಚಟಾಕಿ ಹಾರಿಸಲೇಬೇಕು. ಬೇಲಿಯ ಮೇಲಿಂದ ಕತ್ತು ಚಾಚಿ ನೋಡಿ, "ಏನ್ ಸಾರ್, ಇಷ್ಟು ದೊಡ್ಡ ಹಲ್ಲಿ? ಇದು ಲೊಚಗುಟ್ಟಿದ್ರೆ ಇಡೀ ಸಬ್‌ಡಿವಿಷನ್‌ಗೇ ಶಕುನ ಆಗತ್ತೆ" ಎಂದರು.

"ಹಲ್ಲಿ ಅಲ್ರಿ, ಉಡ."

"ಯಾವ ಉಡ?"

"ಉಡ ಅಂದ್ರ ಉಡ."

"ಅದೆಂಗೆ ಸಾರ್, ದೋಸೆ ಅಂದ್ರೆ ಮಸಾಲೆನೋ ಸೆಟ್ಟೋ ಹೇಳ್ಬೇಕಲ್ಲ" ಎಂದು ನಕ್ಕರು.

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಮರುದಿನ ಕೆಲಸ ಮುಗಿಸಿ, ಅಂಟಿನ ಕೈ ತೊಳೆದು, ಡಾಲಸ್‌ನಲ್ಲಿ ಹಾವು ಹಲ್ಲಿಗಳನ್ನೇ ಮಾರುವ ಒಂದು ಅಂಗಡಿಗೆ ಬಕೆಟ್ ಎತ್ತಿಕೊಂಡು ಹೋದೆ. ಅಂಗಡಿಯವನು ತಾಳ್ಮೆಯವನು. ತನ್ನ ಗಾಜಿನ ಪೆಟ್ಟಿಗೆಗಳಿಂದ ಬೇರೆ ಉಡಗಳನ್ನು ತೆಗೆದು ನನ್ನದರ ಪಕ್ಕ ಇಟ್ಟ.

ನನ್ನದು ಆಫ್ರಿಕಾದ ಹುಲ್ಲುಗಾವಲಿನದು. ಇಲ್ಲಿ ಸವನಾ ಮಾನಿಟರ್ ಎನ್ನುತ್ತಾರೆ. ಅದರ ದಾಯಾದಿ ಇನ್ನೊಂದು ಇದೆ, ಬಿಳಿಗಂಟಲಿನದು. ಮರಿಯಲ್ಲಿ ಎರಡನ್ನೂ ಪಕ್ಕಪಕ್ಕ ಬಿಟ್ಟರೆ ಅವಳಿ ಜವಳಿ ಎನ್ನಬೇಕು. ಅದೇ ಕಂದು ಮೈ, ಬೆನ್ನ ಮೇಲೆ ಅವೇ ಮಸುಕು ಚುಕ್ಕಿ, ಬಾಲಕ್ಕೆ ಅವೇ ಬಳೆ. ಮೂಗಿನ ಹೊಳ್ಳೆ ಕೂಡ ಎರಡಕ್ಕೂ ಕಣ್ಣಿನ ಹತ್ತಿರ ಓರೆಯಾಗಿ ಸೀಳಿದ ಹಾಗೆ. ಮೂತಿಯನ್ನು ನೋಡಬೇಕು. ಬಿಳಿಗಂಟಲಿನದಕ್ಕೆ ಮೂಗಿನ ಮೇಲೆ ಒಂದು ಉಬ್ಬು, ನೆಗಡಿಯಾದವರ ಮುಖದ ಹಾಗೆ. ಅದೂ ಸಣ್ಣದರಲ್ಲಿ ಅನುಮಾನ. ನಂಬಬಹುದಾದದ್ದು ಕುತ್ತಿಗೆ. ಅಂಗಡಿಯವನು ನನ್ನ ಹೆಬ್ಬೆರಳು ಹಿಡಿದು ಅದರ ಕುತ್ತಿಗೆಯ ಮೇಲೆ ಆಡಿಸಿದ. ಸವನಾದ ಕುತ್ತಿಗೆಯ ಹುರುಪೆ ದಪ್ಪ, ಜೋಳದ ತೆನೆಯ ಮೇಲೆ ಬೆರಳು ಎಳೆದ ಹಾಗೆ. ಇನ್ನೊಂದರದ್ದು ಸಣ್ಣ, ನವಣೆ. ಮೂರನೆಯದು ನೈಲ್ ನದಿಯ ಕಡೆಯದು. ಅದು ತೆಳು ಮೂತಿ, ಹಳದಿ ಪಟ್ಟೆ, ನೀರಲ್ಲಿ ಹುಟ್ಟು ಹಾಕಲು ಚಪ್ಪಟೆಯಾದ ಬಾಲ, ಬಹಳ ಸಿಟ್ಟು. ಒಮ್ಮೆ ನೋಡಿದರೆ ಸಾಕು, ಅದನ್ನು ಇದೆಂದು ತಪ್ಪು ತಿಳಿಯುವವನು ಕುರುಡ.

ಗುರುತು ತಪ್ಪಿದರೇನು ಎಂದು ಕೇಳಿದೆ. ಬಿಳಿಗಂಟಲಿನದು ಆಳುದ್ದ ಬೆಳೆಯುತ್ತದೆ, ಅದಕ್ಕೆ ಅಂಗಡಿಯಲ್ಲಿ ಹೆಪ್ಪುಗಟ್ಟಿಸಿ ಮಾರುವ ಇಲಿ ಹಾಕಬೇಕು. ಸವನಾ ಹುಳ ತಿನ್ನುವ ಪ್ರಾಣಿ, ಇಲಿ ಹಾಕಿ ಹಾಕಿ ಜನ ಅದನ್ನು ಕೊಬ್ಬಿಸಿ ಕೊಲ್ಲುತ್ತಾರೆ ಎಂದ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಇಲಿ ಬ್ಯಾಡಂದ್ರೇನು?"

"ಬ್ಯಾಡ. ಹುಳ, ಜಿರಳಿ."

"ಹುಳ ಇರಲಿ. ಇಲಿ ಆಗಿದ್ರ ನಮ್ಮ ಫ್ರಿಜ್ಜಿನ್ಯಾಗ ಮಸರಿನ ಬಾಜೂ ಇಡಾಕ ಬರ್ತಿದ್ದಿಲ್ಲ" ಎಂದಳು. ಜೋಳದ ರೊಟ್ಟಿ, ಮಸರು ಬಿಟ್ಟರೆ ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಆ ಮನೆಯಲ್ಲಿ ಒಂದು ಡಬ್ಬಿಯ ತುಂಬ ಜೀವಂತ ಜಿರಳೆ ಬಂದು ಕೂತವು, ಅವಳು ಮುಖ ಸಿಂಡರಿಸಲಿಲ್ಲ. ಇಕ್ಕಳದಿಂದ ಒಂದೊಂದೇ ಹಿಡಿದು, "ಬಾರೋ ಅಪ್ಪಿ, ಉಣ್ಣು" ಎನ್ನುತ್ತಿದ್ದಳು. ಅದು ಬರುತ್ತಿತ್ತು. ಸೋಫಾದ ಕೆಳಗಿಂದ ಸೀಳುನಾಲಗೆ ಚಾಚುತ್ತ, ಮುರುಕು ಬಾಲ ಎಳೆಯುತ್ತ ಬಂದು ಅವಳ ಕಾಲ ಹತ್ತಿರ ನಿಲ್ಲುತ್ತಿತ್ತು. ಬೇಸಿಗೆ ಬರುವಷ್ಟರಲ್ಲಿ ಅದು ಒಂದೂವರೆ ಮೊಳ ಆಯಿತು. ಅವಳು ಅದರ ಜೊತೆ ಮಾತಾಡುತ್ತ ಆಡುತ್ತ, ನಡುನಡುವೆ ನನ್ನ ಜೊತೆಯೂ ಆಡತೊಡಗಿದಳು.

ನಾನು ಫೋನಿನಲ್ಲಿ ಬೇರೆ ಉಡಗಳ ಫೋಟೋ ತೆಗೆದು ಇದು ಯಾವುದು ಹೇಳು, ಅದು ಯಾವುದು ಹೇಳು ಎಂದು ಅವಳಿಗೆ ಪರೀಕ್ಷೆ ಮಾಡುತ್ತಿದ್ದೆ. "ಕುತ್ತಿಗಿ ನೋಡು, ಮುಖ ನೋಡಿ ಮರುಳಾಗಬ್ಯಾಡ" ಎನ್ನುತ್ತಿದ್ದೆ.

"ಮಾಸ್ತರಿಕಿ ಸಾಕ್ರಿ. ನಮ್ಮದು ನಮಗ ಗೊತ್ತಾದ್ರ ಮುಗೀತು" ಎಂದು ಏಳುತ್ತಿದ್ದಳು.

ಶ್ರಾವಣ ಬಂತು. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಂಗಸರ ಹಬ್ಬ. ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ತವರಿಗೆ ಹೋಗುವುದು ಆಗದ ಮಾತು. ಪ್ರತಿ ವರ್ಷ ಅವಳು ಹಿತ್ತಿಲ ಮಣ್ಣಿನಲ್ಲಿ ನಾಗಪ್ಪನನ್ನು ಮಾಡಿ ಹಾಲೆರೆಯುತ್ತಿದ್ದಳು. ಇಲ್ಲಿಯ ಮಣ್ಣು ನಮ್ಮ ಎರೆಭೂಮಿಯ ಹಾಗೇ ಕಪ್ಪು, ಕೈಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ಆ ವರ್ಷ ಮಣ್ಣು ಕಲಸಲಿಲ್ಲ.

"ಅಪ್ಪಿಗೇ ಎರಿತೇನಿ" ಎಂದಳು.

"ಏ, ಅದು ಉಡ. ನಾಗಪ್ಪ ಅಲ್ಲ."

"ನಾಲಗಿ ನೋಡ್ರಿ, ಎರಡು ಸೀಳು ಐತಿ. ನಾಗಪ್ಪಗ ಬೀಗರಾದ್ರೂ ಆಗಬೇಕು."

ಹೇಳಿ ನಕ್ಕಳು. ಕೂಸು ಹೋದ ಮೇಲೆ ನಾನು ಕಂಡ ಮೊದಲ ನಗೆ ಅದು. ಉಡಕ್ಕೂ ಹಾವಿಗೂ ಇರುವ ವ್ಯತ್ಯಾಸ ಹೇಳಿಕೊಡುವ ಹೊತ್ತು ಅದಲ್ಲ ಎಂದುಕೊಂಡು ಮಣೆ ತಂದುಕೊಟ್ಟೆ.

ಹಿತ್ತಿಲಲ್ಲಿ ಮಣೆ ಇಟ್ಟಳು. ಜೋಳದ ಅಳ್ಳು ಸಿಗದೆ ಪಾಪ್‌ಕಾರ್ನ್ ಇಟ್ಟಳು, ಶೇಂಗಾದುಂಡಿ ಇಟ್ಟಳು. ಮೈಸೂರಿನವರ ಹೆಂಡತಿಯೂ ರೇಷ್ಮೆ ಸೀರೆ ಉಟ್ಟು ಬಂದು, ನಗಬೇಕೋ ಕೈಮುಗಿಯಬೇಕೋ ತಿಳಿಯದೆ ನಿಂತಿದ್ದರು. ಉಡ ಮಣೆಯ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿತ್ತು. ಹೂವಿನ ಎಸಳು ಹಾಲಿನಲ್ಲಿ ಅದ್ದಿ, ಅವಳು ಅದರ ಬೆನ್ನಿಗೆ ಹನಿಹನಿ ಬಿಡುತ್ತ ಹೋದಳು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಅಣ್ಣ, ಅತ್ತಿಗೆ, ಅಕ್ಕ, ಭಾವ, ಎಲ್ಲರ ಪಾಲು ಎರೆದಳು. ನನ್ನ ಪಾಲೂ ಎರೆದಳು. ಆಮೇಲೆ ಹೊಸ ಎಸಳೊಂದನ್ನು ಅದ್ದಿ, "ನನ್ನ ಕೂಸಿನ ಪಾಲು" ಎಂದಳು.

ಹನಿ ಬಿತ್ತೋ ಇಲ್ಲವೋ, ಬೇಲಿಯ ಆಚೆ ಹುಲ್ಲು ಕತ್ತರಿಸುವವರು ಎಲೆ ಊದುವ ಯಂತ್ರ ಚಾಲೂ ಮಾಡಿದರು. ಬಿಸಿಲಿಗೆ ಕಾದ ಉಡ ಎಷ್ಟು ವೇಗ ಓಡುತ್ತದೆ ಎನ್ನುವುದು ನೋಡಿದವರಿಗೇ ಗೊತ್ತು. ಹಾಲಿನ ಬಟ್ಟಲು ಉರುಳಿಸಿಕೊಂಡು ಬೇಲಿಗೆ ಹೋಯಿತು. ಬೇಸಿಗೆಗೆ ಈ ಕಪ್ಪು ಮಣ್ಣು ಒಣಗಿ ಬಾಯಿ ಬಿಡುತ್ತದೆ. ಬೇಲಿಯ ಹಲಗೆಯ ಕೆಳಗೆ ನೆಲ ಕುಗ್ಗಿ ಒಂದು ಗೇಣು ಸಂದಿಯಾಗಿತ್ತು. ನಾನು ಬಾಲ ಹಿಡಿಯಲು ಹೋದೆ. ಮುರಿದ ತುದಿ ಕೈಗೆ ತಾಗಿ ಜಾರಿತು.

ಬೇಲಿಯಾಚೆ ಒಂದು ಚರಂಡಿ, ಚರಂಡಿಯಾಚೆ ಪೊದೆ, ಪೊದೆಯಾಚೆ ಕೆರೆ. ಅವತ್ತೇ ಹುಡುಕಿದೆ, ಮರುದಿನ ಹುಡುಕಿದೆ. ಮೋರಿಯ ಕೊಳವೆಗಳಲ್ಲಿ ತೆವಳಿದೆ. ಮನೆಮನೆಯ ಬಾಗಿಲು ತಟ್ಟಿ ಫೋಟೋ ತೋರಿಸಿದೆ. ಉಡ ಸಾಕುವವರ ಆನ್‌ಲೈನ್ ಗುಂಪುಗಳಲ್ಲಿ ಫೋಟೋ, ಫೋನ್ ನಂಬರ್ ಹಾಕಿಸಿದೆ. ಬಿಸಿಲು ಇರುವ ತನಕ ಅದು ಹೊರಗೆ ಬದುಕುತ್ತದೆ ಎಂದು ಡಾಲಸ್‌ನ ಅಂಗಡಿಯವನು ಹೇಳಿದ. ಥಂಡಿ ಬಿದ್ದರೆ ಮೈ ಮರಗಟ್ಟಿ ಹೋಗುತ್ತದೆ, ಹಿಮ ಬೀಳುವುದರೊಳಗೆ ಹುಡುಕಿಕೋ ಎಂದ. ನಾನು ಇದನ್ನು ಹೆಂಡತಿಗೆ ಹೇಳಬಾರದಿತ್ತು, ಹೇಳಿದೆ.

ಅವಳು ಬೇಲಿಯ ಸಂದಿಯ ಹತ್ತಿರ ನೀರಿನ ತಟ್ಟೆ, ಹುಳದ ಡಬ್ಬಿ ಇಟ್ಟಳು. ಬೇರೆ ಯಾವುದೋ ಪ್ರಾಣಿ ಬಂದು ತಿಂದು ಹೋಗುತ್ತಿತ್ತು. ಅವಳು ಮತ್ತೆ ತುಂಬಿಸುತ್ತಿದ್ದಳು.

"ನೀವು ನನ್ನ ಬೈದ್ರ ಚಲೋ ಇತ್ತು" ಎಂದಳು ಒಂದು ದಿನ.

"ಬೈದು ಏನ್ ಮಾಡ್ಲಿ? ಸಿಗತದ ತಗೊ."

"ಪೂಜೆ ನಾನಽ ಮಾಡಿದ್ದು."

"ಸಿಗತದ ಅಂದೆನಲ್ಲ."

ಆಮೇಲೆ ಅವಳು ಹಳೆಯ ಹಾಗೆ ಆದಳು. ಹಳೆಯ ಹಾಗೂ ಅಲ್ಲ, ಇನ್ನೂ ಕಡೆ. ಮೊದಲು ಊಟವಾದರೂ ಮಾಡುತ್ತಿದ್ದಳು. ಈಗ ತಟ್ಟೆ ಇಟ್ಟರೆ, "ಅದು ಉಂಡೈತೋ ಇಲ್ಲೋ" ಎಂದು ಎದ್ದುಹೋಗುತ್ತಿದ್ದಳು. ಬಳೆಗಳು ಮೊಣಕೈ ತನಕ ಜಾರತೊಡಗಿದವು. ಉಡ ಸಿಗದಿದ್ದರೆ ಏನಾಗುತ್ತದೆ ಎಂದು ನಾನು ಯೋಚಿಸಬೇಕಾಗಿರಲಿಲ್ಲ. ದಿನಾ ಕಣ್ಣೆದುರಿಗೆ ಆಗುತ್ತಿತ್ತು.

ಫೋನ್ ಬರತೊಡಗಿದವು. ಜನ ಒಳ್ಳೆಯವರು, ಉಡ ಕಂಡರೆ ಸಾಕು, ನಿಮ್ಮದು ಸಿಕ್ಕಿದೆ ಎನ್ನುತ್ತಿದ್ದರು. ಮೊದಲನೆಯದು ಲೂಯಿಸ್‌ವಿಲ್‌ನ ಕೆರೆಯ ದಂಡೆಯಿಂದ. ಮೈಸೂರಿನವರು ನಾನೇ ಡ್ರೈವ್ ಮಾಡುತ್ತೇನೆ ಎಂದು ಬಂದರು. ಅಲ್ಲಿ ಒಬ್ಬಾತ ನಾಯಿ ಸಾಗಿಸುವ ಪಂಜರದಲ್ಲಿ ಹಿಡಿದಿಟ್ಟಿದ್ದ. ಕಾರಿನಿಂದ ಇಳಿಯುವ ಮೊದಲೇ ಹಳದಿ ಪಟ್ಟೆ ಕಂಡಿತು.

"ಇದು ನೈಲ್ ಕಡೆದು. ನಮ್ದಲ್ಲ" ಎಂದೆ.

"ಸರಿಯಾಗಿ ನೋಡಿ ಸಾರ್. ಬಿಸಿಲಿಗೆ ಬಣ್ಣ ಬಿಟ್ಟಿರಬಹುದು."

"ಬಣ್ಣ ಬಿಡಾಕ ಏನ್ ಇಳಕಲ್ ಸೀರಿ ಏನ್ರಿ ಇದು?"

ಅವರು ನಕ್ಕರು, ನಾನು ನಗಲಿಲ್ಲ. ಪಂಜರದ ಹತ್ತಿರ ಹೋದರೆ ಅದು ಬಾಲ ಬೀಸಿ ಸರಳಿಗೆ ಬಾರುಕೋಲಿನ ಹಾಗೆ ಹೊಡೆಯಿತು. ಬರುವಾಗ ದಾರಿಯಲ್ಲಿ ಅವರು, "ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹೊಸದೊಂದು ತಂದುಬಿಡಿ. ನಿಮ್ಮನೆ ಅಕ್ಕಂಗೆ ಸಮಾಧಾನ ಆಗತ್ತೆ" ಎಂದರು. ಕೂಸು ಹೋದಾಗಲೂ ಜನ ಇದೇ ಮಾತು ಬೇರೆ ಬಾಯಲ್ಲಿ ಹೇಳಿದ್ದರು.

ದಸರೆ ಕಳೆದ ಮೇಲೆ ಆಸ್ಟಿನ್ ಕಡೆಯಿಂದ ಫೋನ್. ಲಿಯಾಂಡರ್‌ನಲ್ಲಿ ಇದ್ದ ಧಾರವಾಡದ ಕಡೆಯ ಒಂದು ಮನೆಯವರು. ವ್ಯಾಪಾರಸ್ಥರು, ಯಾರಿಂದಲೋ ಕೇಳಿ ನಮ್ಮ ಸುದ್ದಿ ತಿಳಿದಿತ್ತು. ಅವರ ಗರಾಜಿನಲ್ಲಿ ಒಂದು ಉಡ ಸೇರಿಕೊಂಡಿದೆ ಎಂದರು. ಲಿಟಲ್ ಎಲ್ಮ್‌ನ ಉಡ ಅಷ್ಟು ದೂರ ನಡೆದು ಹೋಗುವುದುಂಟೆ? ಇಲ್ಲ. ಆದರೆ ಯಾರೋ ಹಿಡಿದು, ಯಾರಿಗೋ ಮಾರಿ, ಅವರ ಕೈಯಿಂದ ತಪ್ಪಿಸಿಕೊಂಡಿರಬಹುದಲ್ಲ. ಸಿಗಲಿ ಎನ್ನುವವನ ತಲೆ ಹೀಗೇ ಓಡುತ್ತದೆ. ಶನಿವಾರ ಬೆಳಿಗ್ಗೆ ಒಬ್ಬನೇ ಹೊರಟೆ.

ಅಲ್ಲಿ ರಟ್ಟಿನ ಪೆಟ್ಟಿಗೆಯ ಬಾಯಿ ತೆರೆದಾಗ ನಾನು ಅಲ್ಲೇ ಕುಕ್ಕರಿಸಿದೆ. ಸವನಾನೇ. ಅದೇ ಗಾತ್ರ, ಅದೇ ಮಣ್ಣು ಬಣ್ಣ, ಕುತ್ತಿಗೆ ಜೋಳದ ತೆನೆ. ಬಾಲವನ್ನು ಕೊನೆಯ ತನಕ ಸವರಿಕೊಂಡು ಹೋದೆ. ಬಾಲ ಸೂಜಿಯ ಹಾಗೆ ಸಣ್ಣಗಾಗುತ್ತ ಹೋಗಿ ಪೂರ್ತಿಯಾಗಿ ಮುಗಿಯಿತು. ಹಲ್ಲಿಯ ಬಾಲ ಹೋದರೆ ಬೆಳೆಯುತ್ತದೆ, ಉಡದ್ದು ಬೆಳೆಯುವುದಿಲ್ಲ.

"ನಮ್ದಲ್ರಿ" ಎಂದೆ.

ಆ ಮನೆಯ ಹಿರಿಯ ಹೆಂಗಸು ನನಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸುತ್ತ, "ನಿಮ್ದಲ್ದಿದ್ರ ಇರವಲ್ದ್ಯಾಕಪ್ಪ. ಇದನ್ನಽ ಒಯ್ಯಿ. ಉಡಕ್ಕ ಉಡ ಆತು. ಆಕಿಗೇನು ತಿಳೀತದ?" ಎಂದರು.

"ನನಗ ತಿಳೀತದಲ್ರಿ" ಎಂದೆ.

"ನೀ ಹೇಳದಿದ್ರ ಆತು."

"ನಮ್ದಲ್ಲದ್ದು ನಮ್ದು ಅಂತ ಹೇಳೂದು ನನ್ನ ಬಾಯಿಗೆ ಬರೂದಿಲ್ರಿ ಅವ್ವಾರ."

ಆ ಮಾತು ಹೇಳುವಾಗ ನಾನು ಬೆನ್ನು ಸೆಟೆದು ಕೂತಿದ್ದೆ. ಬಡವರಿರಲಿ, ಓದದವರಿರಲಿ, ಇಷ್ಟೊಂದು ನೆಟ್ಟಗೆ ಬಾಳಬೇಕು ಎಂದು ಆಸ್ಟಿನ್‌ನಿಂದ ಮನೆ ತನಕ ಖಾಲಿ ಬಕೆಟ್ ಪಕ್ಕಕ್ಕಿಟ್ಟುಕೊಂಡು ನನಗೆ ನಾನೇ ಹೇಳಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈ ನೋಡಿದಳು.

"ಹೆಂಗಿತ್ತು?"

"ನಮ್ಮದರಂಗಽ. ಬಾಲ ಪೂರಾ ಇತ್ತು."

"ಅದಕ್ಕ ಅವರು ಉಣ್ಣಾಕ ಏನ್ ಹಾಕ್ಯಾರ?"

"ಮೊಟ್ಟಿ ಹಾಕ್ಯಾರಂತ."

"ಹಾಕಿದ್ರಲ್ಲ, ಸಾಕು" ಎಂದು ಒಳಗೆ ಹೋದಳು. ಅವತ್ತೂ ಉಣ್ಣಲಿಲ್ಲ. ನನ್ನ ನೆಟ್ಟಗಿನ ಬಾಳು ಅವಳ ಹೊಟ್ಟೆಗೆ ಒಂದು ತುತ್ತೂ ಇಳಿಸಲಿಲ್ಲ.

ದೀಪಾವಳಿ ಬಂತು, ಹೋಯಿತು. ಬೆಳಗಿನ ಹೊತ್ತು ಥಂಡಿ ಎಷ್ಟು ಬಿದ್ದಿದೆ ಎಂದು ಹುಲ್ಲಿನ ಮೇಲೆ ಕೈ ಇಟ್ಟು ನೋಡುವುದು ಅವಳಿಗೆ ರೂಢಿಯಾಯಿತು. ಮೈಸೂರಿನವರು ಈಗ ಬೇಲಿಯ ಮೇಲಿಂದ ಹಲ್ಲಿ ಎನ್ನುತ್ತಿರಲಿಲ್ಲ. "ಏನಾದ್ರೂ ಸುದ್ದಿ ಬಂತಾ ಸಾರ್?" ಎಂದಷ್ಟೇ ಕೇಳಿ ಒಳಗೆ ಹೋಗುತ್ತಿದ್ದರು. ಅವರ ಚಟಾಕಿಗಳು ನಿಂತಾಗ, ನಮ್ಮ ಮನೆ ಹೊರಗಿನವರಿಗೆ ಹೇಗೆ ಕಾಣುತ್ತಿರಬೇಕು ಎಂದು ನನಗೆ ಅರಿವಾಯಿತು.

ಉತ್ತರದ ಗಾಳಿ ಬರುತ್ತದೆ, ನೀರು ಹೆಪ್ಪುಗಟ್ಟುವಷ್ಟು ಥಂಡಿ ಎಂದು ಟಿವಿಯಲ್ಲಿ ಹೇಳತೊಡಗಿದ ವಾರ ಹ್ಯೂಸ್ಟನ್‌ನಿಂದ ಫೋನ್. ಬಿಟ್ಟುಹೋದ, ತಪ್ಪಿಸಿಕೊಂಡ ಇಂಥ ಪ್ರಾಣಿಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ಒಬ್ಬಾತ. ಡಾಲಸ್ ಕಡೆಯಿಂದ ಒಬ್ಬರು ತಂದು ಕೊಟ್ಟ ಉಡ, ಒಂದೂವರೆ ಮೊಳ, ಕಂದು, ಬಾಲದ ತುದಿ ಇಲ್ಲ ಎಂದ. ನಾನು ಫೋನ್ ಸ್ಪೀಕರಿನಲ್ಲಿ ಇಟ್ಟಿದ್ದೆ. ಬಾಲದ ಮಾತು ಕೇಳಿದ ಕೂಡಲೇ ಹೆಂಡತಿ ಚಪ್ಪಲಿ ಹಾಕಿಕೊಂಡಳು.

"ನೀ ಮನ್ಯಾಗಿರು. ನಾ ಹೋಗಿ ನೋಡಿ ಬರ್ತೇನಿ."

"ಬರ್ತೇನಿ" ಎಂದಳು.

ಹ್ಯೂಸ್ಟನ್ ಮುಟ್ಟುವ ತನಕ ಅವಳು ಡಬ್ಬಿ ತೊಡೆಯ ಮೇಲೆ ಹಿಡಿದು ಕೂತಿದ್ದಳು. ಒಳಗೆ ಜಿರಳೆಗಳು ಪರಪರ ಎನ್ನುತ್ತಿದ್ದವು. ಅಲ್ಲಿ ಇನ್ನೂ ಬಿಸಿಲು ಇತ್ತು, ಜನ ಬರೀ ಅಂಗಿಯಲ್ಲಿ ಓಡಾಡುತ್ತಿದ್ದರು. ಆತ ಗರಾಜನ್ನೇ ಬೆಚ್ಚಗಿನ ಕೋಣೆ ಮಾಡಿದ್ದ. ಒಂದು ದೊಡ್ಡ ಮರದ ಪೆಟ್ಟಿಗೆಯ ಬಾಗಿಲು ತೆರೆದ.

ಬಾಲ ನಿಜವಾಗಿ ಮುರಿದಿತ್ತು, ಅಷ್ಟೇ ಜಾಗಕ್ಕೆ. ಗಾತ್ರ ಅಷ್ಟೇ. ಅದು ತಿರುಗಿ ನಮ್ಮ ಕಡೆ ನಾಲಗೆ ಚಾಚಿತು. ಮೂಗಿನ ಮೇಲೆ ಉಬ್ಬು ಇತ್ತು. ಕುತ್ತಿಗೆಯ ಮೇಲೆ ಹೆಬ್ಬೆರಳು ಇಟ್ಟೆ. ನವಣೆ.

ಹೆಂಡತಿ ಮೊಣಕಾಲೂರಿ ಕೂತಿದ್ದಳು. "ಅಪ್ಪಿ" ಎಂದು ಕರೆದಳು. ಆ ಅಕ್ಕರೆಯ ದನಿ ಕೇಳಿ ಎಷ್ಟು ದಿನವಾಗಿತ್ತು. ಇಕ್ಕಳದಲ್ಲಿ ಹುಳ ಹಿಡಿದಳು. ಆ ಪರದೇಶಿ ಪ್ರಾಣಿ ಬಂದು ತಿಂದಿತು. ಅವಳ ಮುಖದಲ್ಲಿ ಬಂದ ಬೆಳಕು ನೋಡಿದ ಮೇಲೆ ನನ್ನ ಬಾಯಲ್ಲಿ ಬೇರೆ ಮಾತು ಹೊರಡಲಿಲ್ಲ.

"ಇದಽ ಐತಿ. ನಡಿ, ಒಯ್ಯೋಣ" ಎಂದೆ.

ಅವಳು ಕೈ ಚಾಚಿ ಅದರ ತಲೆ ಸವರಿದಳು. ಕೈ ಕುತ್ತಿಗೆಗೆ ಬಂತು, ಅಲ್ಲೇ ನಿಂತಿತು. ಮತ್ತೆ ಸವರಿದಳು.

"ಇದು ಬ್ಯಾರೆರೀ."

"ಬ್ಯಾರೆ ಅಲ್ಲ. ಮೂರು ತಿಂಗಳು ಅಡವಿ ಬಿದ್ದದ್ದು. ಸೊರಗೈತಿ."

"ಕುತ್ತಿಗಿ ಸಣ್ಣ ಐತಿ."

"ಹಾವಿನಂಗ ಪರಿ ಬಿಟ್ಟೈತಿ. ಪರಿ ಬಿಟ್ಟ ಮ್ಯಾಲೆ ಹುರುಪಿ ಸಣ್ಣ ಆಗ್ತಾವ."

"ಹಂಗ ಆಗ್ತದೇನ್ರಿ?"

"ಆಗ್ತದ. ನನಗ ಗೊತ್ತಿಲ್ಲೇನು? ಬಾಲ ನೋಡು. ಈ ಬಾಲ ಇನ್ನೊಂದಕ್ಕ ಎಲ್ಲಿಂದ ಬರಬೇಕು?"

ದನಿ ಏರಿತ್ತು. ಮನೆಯಾತ ನಮ್ಮ ಮಾತು ತಿಳಿಯದೆ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. ನಾನು ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಹೌದು, ನಮ್ಮದೇ, ತೆಗೆದುಕೊಂಡು ಹೋಗುತ್ತೇವೆ ಎಂದೆ. ಹೆಂಡತಿ ಎದ್ದು ನಿಂತಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ನೋ. ನಾಟ್ ಅವರ್" ಎಂದು ಅವನಿಗೆ ಹೇಳಿ, ಹುಳದ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಹೊರಗೆ ನಡೆದಳು.

ಆತ ಪೆಟ್ಟಿಗೆಯ ಬಾಗಿಲು ಹಾಕಿದ. ಸಾರಿ ಎಂದ. ಇದು ಬಿಳಿಗಂಟಲಿನದು ಎಂದು ನನಗೂ ಅನುಮಾನ ಇತ್ತು, ಬಾಲ ನೋಡಿ ಫೋನ್ ಮಾಡಿದೆ ಎಂದ. ನಾನು ತಲೆಯಾಡಿಸಿದೆ.

ಕಾರಿನಲ್ಲಿ ಅವಳು ಮುಂದೆ ನೋಡುತ್ತ ಕೂತಿದ್ದಳು.

"ನಿಮಗ ಗೊತ್ತಿತ್ತು" ಎಂದಳು.

"ಹೂಂ."

"ಮತ್ತ ಯಾಕ?"

"ನೀ ಉಣ್ಣಲಿ ಅಂತ."

ಅರ್ಧ ದಾರಿ ಬಂದಿದ್ದೆವು. ಎದುರಿಗೆ ಉತ್ತರದ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು, ಆ ಅಂಚಿನ ಕೆಳಗೆ ಹೊಕ್ಕ ಕೂಡಲೇ ಗಾಳಿ ಕಾರನ್ನು ಪಕ್ಕಕ್ಕೆ ತಳ್ಳತೊಡಗಿತು. ಒಂದು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿರಿ ಎಂದಳು. ನಿಲ್ಲಿಸಿದೆ. ಅವಳು ಇಳಿದಳು. ಮೈಮೇಲೆ ಸ್ವೆಟರ್ ಇರಲಿಲ್ಲ. ಗೋಡೆಯ ಮರೆಗೆ ಹೋಗಲಿಲ್ಲ, ಗಾಳಿ ನೇರ ಬಡಿಯುವ ಕಡೆ ಹೋಗಿ, ಸೆರಗು ಬಿಟ್ಟು, ಎರಡೂ ಕೈ ಇಳಿಬಿಟ್ಟು ನಿಂತಳು. ನಾನು ನನ್ನ ಜಾಕೆಟ್ ತೆಗೆದುಕೊಂಡು ಓಡಿದೆ. ಹೊದಿಸಲು ಹೋದರೆ ತಡೆದಳು.

"ಇಷ್ಟು ಥಂಡ್ಯಾಗ ಅದು ಇರತದೇನ್ರಿ?"

ಅವಳ ತುಟಿ ನಡುಗುತ್ತಿತ್ತು. ಇರತದ, ಎಲ್ಲಾದರೂ ಬಿಲ ಮಾಡಿಕೊಂಡಿರತದ ಎನ್ನುವ ಮಾತು ನನ್ನ ನಾಲಗೆಯ ಮೇಲೇ ಇತ್ತು. ಎರಡು ತಾಸಿನ ಹಿಂದೆ ಹುರುಪೆ ಸಣ್ಣಗಾಗುತ್ತದೆ ಎಂದು ಹೇಳಿದ ನಾಲಗೆ ಅದೇ.

"ಇರೂದಿಲ್ಲ" ಎಂದೆ.

ಅವಳು ಹೂಂ ಎಂದಳು. ಆಮೇಲೆ ಜಾಕೆಟ್ಟಿಗೆ ಕೈ ಚಾಚಿದಳು. ಅವಳ ಕೈ ಜಾಕೆಟ್ಟಿನ ತೋಳಿನೊಳಗೆ ಹೋಗುತ್ತಿರಲಿಲ್ಲ, ಬೆರಳು ಮರಗಟ್ಟಿದ್ದವು. ನಾನೇ ಹಿಡಿದು ಹಾಕಿಸಿದೆ.

"ಇನ್ನ ಫೋನ್ ಬಂದ್ರ ಎತ್ತಬ್ಯಾಡ್ರಿ" ಎಂದಳು.

"ಇಲ್ಲ."

ಕಾರಿನೊಳಗೆ ಬಂದು ಹೀಟರ್ ಹಾಕಿದೆ. ಮನೆ ಇನ್ನೂ ದೂರ ಇತ್ತು. ಲಿಟಲ್ ಎಲ್ಮ್ ಮುಟ್ಟುವ ಮೊದಲೇ ಗಾಜಿನ ಮೇಲೆ ಹಿಮ ಹರಳು ಹರಳಾಗಿ ಬೀಳತೊಡಗಿತು. ವೈಪರ್ ಅದನ್ನು ಒರೆಸುತ್ತಿತ್ತು, ಅದು ಮತ್ತೆ ಬೀಳುತ್ತಿತ್ತು. ಅವಳು ಅತ್ತ ನೋಡುತ್ತ ಕೂತಿದ್ದಳು, ನಾನು ಗಾಡಿ ನಿಧಾನ ಮಾಡಿದೆ.